ಚಿಪ್ಪಿಗೂ ಒಂದು ನೇಮ್‌ಪ್ಲೇಟು

ಕೊಡಿಗೇನಹಳ್ಳಿ ಕಡೆ ತೋಟ ಇರೋರಿಗೆ ಒಂದು ಅಭ್ಯಾಸ. ಸ್ಟಾರ್ಟರ್ ಗುಂಡಿ ಒತ್ತುವ ಮೊದಲು ವೋಲ್ಟ್‌ಮೀಟರಿನ ಮುಳ್ಳು ನೋಡುತ್ತಾರೆ. ನಮ್ಮ ಚಿಕ್ಕಪ್ಪನ ಪ್ಯಾನೆಲ್ ಬಾಕ್ಸಿನಲ್ಲಿ 350ರ ಹತ್ತಿರ ಕೆಂಪು ನೇಲ್‌ಪಾಲಿಶ್‌ನಲ್ಲಿ ಎಳೆದ ಒಂದು ಗೀಟಿದೆ. ಮುಳ್ಳು ಅದರ ಕೆಳಗಿದ್ದರೆ, ಗಿಡ ಬಾಡುತ್ತಿದ್ದರೂ ಮೋಟರ್ ಹಾಕುವುದಿಲ್ಲ. "ಓಲ್ಟೇಜ್ ಇಲ್ದೆ ಓಡ್ಸಿದ್ರೆ ಕಾಯಿಲ್ ಸುಟ್ಟೋಗ್ತದೆ ಕಣ್ಲಾ" ಅನ್ನುವ ಮಾತನ್ನು ನಾನು ಚಡ್ಡಿ ಹಾಕುವ ಕಾಲದಿಂದ ಕೇಳಿದ್ದೇನೆ. ಪಕ್ಕದ ಪಾವಗಡದ ತಿರುಮಣಿಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬಂದು ವರ್ಷಗಳೇ ಆದವು, ನಮ್ಮ ಬಾಕ್ಸಿನ ಮುಳ್ಳು ಮಾತ್ರ ಇನ್ನೂ ತೂಗಾಡುತ್ತದೆ. ಇರಲಿ, ಅದು ಬೇರೆ ಕಥೆ.

ನಾನು ಬೆಂಗಳೂರಿನಲ್ಲಿ ಮಾಡುವ ಕೆಲಸವೇ ಸಣ್ಣ ಕಂಪ್ಯೂಟರ್ ಬೋರ್ಡುಗಳಿಗೆ ಸಾಫ್ಟ್‌ವೇರ್ ಹಾಕುವುದು. ಎರಡು ಬೇಸಿಗೆ ಹಿಂದೆ ದೊಡ್ಡಸ್ತಿಕೆಗೆ ಚಿಕ್ಕಪ್ಪನ ಬೋರ್‌ವೆಲ್‌ಗೆ ಒಂದು ಬೋರ್ಡು ಕೂರಿಸಿದೆ. ತ್ರೀ ಫೇಸ್ ಬಂದ ತಕ್ಷಣ ಮೋಟರ್ ಹಾಕಬೇಕು. ಮೋಟರ್ ಎಳೆಯುವ ಕರೆಂಟಿನ ಅಲೆಯನ್ನು ಲೆಕ್ಕ ಹಾಕಿ, ಬೋರಿನಲ್ಲಿ ನೀರು ಇಳಿದಿದ್ದರೆ ತಾನೇ ಆಫ್ ಮಾಡಬೇಕು. ನನ್ನ ಮಾತು ನಂಬಿ ಚಿಕ್ಕಪ್ಪ ಹಳೇ ಡ್ರೈ ರನ್ ಪ್ರಿವೆಂಟರ್ ಬಿಚ್ಚಿಸಿಬಿಟ್ಟರು.

ಏಪ್ರಿಲ್‌ನ ಒಂದು ಮಧ್ಯಾಹ್ನ ಬೋರ್ಡು ಹ್ಯಾಂಗ್ ಆಯಿತು, ರಿಲೇ ಆನ್ ಇದ್ದ ಹಾಗೆಯೇ. ನೀರಿಳಿದ ಬೋರಿನಲ್ಲಿ ಮೋಟರ್ ಒಣಗಿಕೊಂಡೇ ಓಡಿತು. ಸಬ್‌ಮರ್ಸಿಬಲ್ ಮೋಟರಿಗೆ ತಂಪು ಕೊಡುವುದೂ ನೀರೇ ತಾನೆ. ಸುಟ್ಟಿತು. ಏಳುನೂರು ಅಡಿಯಿಂದ ಪೈಪು ಸಮೇತ ಮೇಲೆತ್ತಿಸಿ, ವೈಂಡಿಂಗ್ ಅಂಗಡಿಗೆ ಕೊಟ್ಟು, ಮತ್ತೆ ಇಳಿಸುವಷ್ಟರಲ್ಲಿ ಒಂಬತ್ತು ದಿನ. ಚಿಕ್ಕಪ್ಪ ನನ್ನನ್ನು ಬೈಯಲಿಲ್ಲ. "ಮಿಷನ್ನು ಅಂದ್ಮೇಲೆ ಕೆಡ್ತದೆ ಬಿಡು" ಅಂದರು. ಬೈದಿದ್ದರೇ ವಾಸಿಯಿತ್ತು.

ಬೋರ್ಡು ಕಿತ್ತು ಬೆಂಗಳೂರಿಗೆ ತಂದೆ. ಎಸಿ ರೂಮಿನ ಟೇಬಲ್ ಮೇಲೆ ಮೂರು ದಿನ ಓಡಿಸಿದರೂ ಒಂದು ಸಲವೂ ನಿಲ್ಲಲಿಲ್ಲ. ನಾಲ್ಕನೇ ದಿನ ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡುತ್ತಾ, ಭಾರೀ ಲೆಕ್ಕ ಕೊಟ್ಟೆ. ಹತ್ತು ನಿಮಿಷದಲ್ಲಿ ಕಲ್ಲಾಯಿತು. ತಪ್ಪು ಇದ್ದದ್ದು ನಾನೇ ಬರೆದಿದ್ದ ಒಂದು ಸಾಲಿನಲ್ಲಿ.

ಆ ಸಾಲು ಏನು ಅಂತ ಹೇಳುವ ಮೊದಲು ಮೋಟರಿನ ನೇಮ್‌ಪ್ಲೇಟ್ ನೆನಪಿಸಿಕೊಳ್ಳಿ. ಎಷ್ಟು ಎಚ್‌ಪಿ, ಎಷ್ಟು ವೋಲ್ಟು, ಎಷ್ಟು ಆಂಪಿಯರ್, 50 ಹರ್ಟ್ಸ್. ಪ್ರೊಸೆಸರ್‌ಗೂ ಇಂಥದ್ದೊಂದು ಪ್ಲೇಟ್ ಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಈ ಮಾಹಿತಿಯನ್ನು ಅದರೊಳಗಿನ ಫರ್ಮ್‌ವೇರ್ ಹೇಳುತ್ತದೆ. ಚಿಕ್ಕ ಬೋರ್ಡುಗಳಲ್ಲಿ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ, ಹಾಗೆ ಹೇಳುವವರು ಯಾರೂ ಇಲ್ಲ. ಅದಕ್ಕೇ 'ಡಿವೈಸ್ ಟ್ರೀ' ಅನ್ನುವ ಫೈಲಿನಲ್ಲಿ ಮನುಷ್ಯರೇ ಬರೆದಿಡಬೇಕು. ಎಷ್ಟು ಕೋರ್, ಎಷ್ಟು ಮೆಮೊರಿ, ಯಾವ ತಂತಿ ಎಲ್ಲಿಗೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ಮೊದಲು ಒಂದೊಂದು ಬೋರ್ಡಿಗೂ ಲಿನಕ್ಸ್ ಒಳಗೇ ಬೇರೆ ಬೇರೆ ಕೋಡ್ ತುರುಕುತ್ತಿದ್ದರು. 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದಕ್ಕೆ ಸಿಡಿಮಿಡಿಗೊಂಡ ಮೇಲೆ ಆರ್ಮ್ ಚಿಪ್ಪುಗಳ ಕಡೆಯವರೆಲ್ಲ ಈ ದಾರಿಗೆ ಬಂದರು.

ಇದರೊಳಗೆ 'ಆಪರೇಟಿಂಗ್ ಪಾಯಿಂಟ್' ಅಂತ ಒಂದು ಪಟ್ಟಿ. ಇಷ್ಟು ವೇಗಕ್ಕೆ ಇಷ್ಟು ವೋಲ್ಟೇಜ್ ಅನ್ನುವ ಜೋಡಿಗಳು. ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನಲ್ಲಿರುವ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಚಿಪ್ಪನ್ನೇ ತೆಗೆದುಕೊಳ್ಳಿ, ನಾನು ಬಳಸಿದ್ದೂ ಅದೇ ಜಾತಿಯದು. (1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ ಇದು.) 300 ಮೆಗಾಹರ್ಟ್ಸ್‌ಗೆ 0.95 ವೋಲ್ಟ್, 600ಕ್ಕೆ 1.1, 720ಕ್ಕೆ 1.2, 800ಕ್ಕೆ 1.26, ಒಂದು ಗಿಗಾಹರ್ಟ್ಸ್‌ಗೆ 1.325. ಐದು ಮೆಟ್ಟಿಲು. ಎಲ್ಲ ಚಿಪ್ಪಿಗೂ ಐದೂ ಸಿಗುವುದಿಲ್ಲ. ಯಾವುದಕ್ಕೆ ಎಷ್ಟರವರೆಗೆ ತಾಕತ್ತು ಅಂತ ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಫ್ಯೂಸ್ ಸುಟ್ಟು ಗುರುತು ಹಾಕಿರುತ್ತಾರೆ.

ವೇಗಕ್ಕೆ ವೋಲ್ಟೇಜ್ ಯಾಕೆ ಬೇಕು? ಚಿಪ್ಪಿನೊಳಗಿರುವುದು ಕೋಟಿಗಟ್ಟಲೆ ಪುಟಾಣಿ ಸ್ವಿಚ್ಚುಗಳು. ವೋಲ್ಟೇಜ್ ಕಡಿಮೆಯಾದರೆ ಅವು ತಿರುಗುವುದು ನಿಧಾನ. ಹಿಂದಿನ ಲೆಕ್ಕ ಮುಗಿಯುವ ಮೊದಲೇ ಗಡಿಯಾರದ ಮುಂದಿನ ಟಿಕ್ ಬಂದುಬಿಟ್ಟರೆ, ಅರ್ಧಂಬರ್ಧ ಉತ್ತರವನ್ನೇ ಮುಂದಿನವರು ಎತ್ತಿಕೊಂಡು ಹೋಗುತ್ತಾರೆ. ಮೋಟರಾದರೆ ಗುಂಯ್ ಅಂತ ನರಳಿ, ವಾಸನೆ ಕೊಟ್ಟು, ಒಂದು ಸೂಚನೆಯಾದರೂ ಕೊಡುತ್ತದೆ. ಚಿಪ್ಪು ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಅದಕ್ಕೇ ವೇಗ ಏರಿಸುವಾಗ ಮೊದಲು ವೋಲ್ಟೇಜ್ ಏರಿಸಿ, ಆಮೇಲೆ ಗಡಿಯಾರ ಜೋರು ಮಾಡಬೇಕು. ಇಳಿಸುವಾಗ ಮೊದಲು ಗಡಿಯಾರ, ಆಮೇಲೆ ವೋಲ್ಟೇಜ್. ಚಿಕ್ಕಪ್ಪ ಮೊದಲು ಮುಳ್ಳು ನೋಡಿ ಆಮೇಲೆ ಗುಂಡಿ ಒತ್ತುವ ಹಾಗೆಯೇ.

ಹಾಗಾದರೆ ಯಾವಾಗಲೂ 1.325 ಕೊಟ್ಟು ಸುಮ್ಮನಿರಬಹುದಲ್ಲ ಅಂತ ಕೇಳಬಹುದು. ಖರ್ಚು! ಸ್ವಿಚ್ಚು ತಿರುಗಿಸಲು ಬೇಕಾಗುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಮಾತ್ರ ವರ್ಗದ ಲೆಕ್ಕದಲ್ಲಿ. ಮೇಲಿನ ಪಟ್ಟಿಯಲ್ಲೇ ನೋಡಿ, 300ರಿಂದ 1000ಕ್ಕೆ ಹೋದರೆ ವೇಗ ಮೂರೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಖರ್ಚು ಸುಮಾರು ಆರೂವರೆ ಪಟ್ಟು. ಬರೀ ವೇಗ ಇಳಿಸಿ ವೋಲ್ಟೇಜ್ ಹಾಗೇ ಬಿಟ್ಟರೆ ಈ ವರ್ಗದ ಲಾಭ ಕೈತಪ್ಪುತ್ತದೆ. ನೀವು ಇದನ್ನು ಓದುತ್ತಿರುವ ಫೋನು ಕೂಡ ಇಂಥ ಪಟ್ಟಿಯ ಮೆಟ್ಟಿಲುಗಳನ್ನು ಸೆಕೆಂಡಿಗೆ ಎಷ್ಟೋ ಸಲ ಹತ್ತಿ ಇಳಿಯುತ್ತಿದೆ. ಅದರಲ್ಲಿ ದೊಡ್ಡ ಕೋರ್‌ಗಳಿಗೊಂದು, ಚಿಕ್ಕವಕ್ಕೊಂದು ಬೇರೆ ಬೇರೆ ಪಟ್ಟಿ. ಬಿಸಿಲಲ್ಲಿ ರೀಲ್ಸ್ ನೋಡುವಾಗ ಫೋನು ಮಂದವಾದರೆ ಬೈಯಬೇಡಿ, ಬಿಸಿ ತಾಳದೆ ಮೇಲಿನ ಮೆಟ್ಟಿಲುಗಳನ್ನು ಬಿಟ್ಟುಕೊಟ್ಟಿರುತ್ತದೆ. ಯಾವಾಗ ಯಾವ ಮೆಟ್ಟಿಲು ಅನ್ನುವುದು ಮಾತ್ರ ಪಟ್ಟಿಯ ಕೆಲಸ ಅಲ್ಲ, ಅದಕ್ಕೆ 'ಗವರ್ನರ್' ಅಂತ ಬೇರೆಯೇ ತುಂಡು ಸಾಫ್ಟ್‌ವೇರ್ ಇದೆ. ಯಾವ ಯಾವ ಮೆಟ್ಟಿಲು ಇವೆ ಅಂತಷ್ಟೇ ಪಟ್ಟಿ ಹೇಳುತ್ತದೆ.

ಈಗ ನನ್ನ ಸಾಲಿಗೆ ಬರುತ್ತೇನೆ. 2015ರಿಂದ ಈಚೆಗಿನ ಹೊಸ ಕ್ರಮದಲ್ಲಿ ಒಂದು ಮೆಟ್ಟಿಲಿಗೆ ಮೂರು ವೋಲ್ಟೇಜ್ ಬರೆಯಬಹುದು. ಮೊದಲು ಗುರಿ, ಆಮೇಲೆ ಕನಿಷ್ಠ, ಆಮೇಲೆ ಗರಿಷ್ಠ, ಎಲ್ಲ ಮೈಕ್ರೋವೋಲ್ಟಿನಲ್ಲಿ. ಒಂದು ಗಿಗಾಹರ್ಟ್ಸ್‌ನ ಸಾಲು ಹೀಗಿರಬೇಕು: 1325000, 1298500, 1351500. ಗುರಿಯ ಆಚೀಚೆ ಎರಡು ಪರ್ಸೆಂಟ್ ಸಡಿಲ. ನಮ್ಮ ಬೋರ್ಡಿಗೆ ಪಟ್ಟಿಯನ್ನು ಕೈಯಲ್ಲೇ ಬರೆದ ನಾನು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಟ್ಟೆ: 1298500, 1325000, 1351500. ನೋಡಲು ಎಷ್ಟು ಚೆಂದ! ಲಿನಕ್ಸ್ ಪಾಪ ಮೊದಲ ಅಂಕಿಯನ್ನೇ ಗುರಿ ಅಂದುಕೊಂಡಿತು. ಕಂಪೈಲ್ ಮಾಡುವಾಗ ಒಂದು ವಾರ್ನಿಂಗ್ ಕೂಡ ಬರಲಿಲ್ಲ. ಅದಕ್ಕೆ ಅವು ಬರೀ ಮೂರು ಅಂಕಿ.

ವ್ಯತ್ಯಾಸ ಇಪ್ಪತ್ತಾರೂವರೆ ಮಿಲಿವೋಲ್ಟ್. ಎಸಿ ರೂಮಿನಲ್ಲಿ ಅಷ್ಟಕ್ಕೇ ಹೇಗೋ ಓಡುತ್ತದೆ. ತಗಡಿನ ಶೆಡ್ಡಿನಲ್ಲಿ ಸ್ವಿಚ್ಚುಗಳು ಕಾದು ಇನ್ನಷ್ಟು ನಿಧಾನವಾದವು, ಬೋರ್ಡಿನ ತಾಮ್ರದ ದಾರಿಯಲ್ಲಿ ಒಂದಿಷ್ಟು ವೋಲ್ಟೇಜ್ ಸೋರಿತು. ಅಷ್ಟರಲ್ಲಿ ಮೋಟರ್ ಶುರುವಾಗಿ ಲೆಕ್ಕ ಹೆಚ್ಚಾದದ್ದೇ, ಬೋರ್ಡು ನೇರ ಆ ಕೊನೆಯ ಮೆಟ್ಟಿಲಿಗೇ ಹತ್ತಿತು. ಕಾವಲು ಬೇಕಾದ ಹೊತ್ತಿನಲ್ಲೇ ಕಾವಲುಗಾರ ಬಿದ್ದ. ಹ್ಯಾಂಗ್ ಆದರೆ ಬೋರ್ಡನ್ನು ಮತ್ತೆ ಎಬ್ಬಿಸುವ ವಾಚ್‌ಡಾಗನ್ನು ನಾನು ಆನ್ ಮಾಡಿರಲಿಲ್ಲ ಅನ್ನುವುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಸಾಲು ಸರಿ ಮಾಡಿದೆ. ಆಮೇಲೆ ಅಳೆದು ನೋಡಿದರೆ ನಮ್ಮ ಲೆಕ್ಕಕ್ಕೆ 600 ಮೆಗಾಹರ್ಟ್ಸೇ ಧಾರಾಳ ಸಾಕಿತ್ತು. ಮೇಲಿನ ಮೂರು ಮೆಟ್ಟಿಲುಗಳನ್ನು ಪಟ್ಟಿಯಿಂದಲೇ ಅಳಿಸಿದೆ. ವಾಚ್‌ಡಾಗ್ ಆನ್ ಮಾಡಿದೆ. ಹಳೇ ಡ್ರೈ ರನ್ ಪ್ರಿವೆಂಟರನ್ನು ನಾನೇ ಹುಡುಕಿ ಮತ್ತೆ ಸಿಕ್ಕಿಸಿದೆ.

ಬೋರ್ಡು ಕೂರಿಸುವಾಗ ಚಿಕ್ಕಪ್ಪ ಪಕ್ಕದಲ್ಲೇ ನಿಂತಿದ್ದರು. "ಇದುಕ್ಕೆ ಎಷ್ಟು ಓಲ್ಟು ಬೇಕ್ಲಾ?" ಅಂದರು. ಒಂದು ಕಾಲು ವೋಲ್ಟೂ ಬೇಡ ಅಂದೆ. ನಂಬಲಿಲ್ಲ. "ಅದುಕ್ಕೂ ಒಂದು ಮುಳ್ಳು ಇಡ್ಬೇಕಾಗಿತ್ತು ನೀನು" ಅಂದು, ಬಾಕ್ಸಿನ ಬಾಗಿಲು ಹಾಕಿದರು.