ರೇಡಿಯೇಟರಿಗೆ ತೋಡಿನ ನೀರು ಸಾಲದು

ಅಡಿಕೆಗೆ ಔಷಧಿ ಬಿಡುವ ನಮಗೆ ಮೈಲುತುತ್ತಿನ ಒಂದು ಗುಣ ಚೆನ್ನಾಗಿ ಗೊತ್ತು. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೋ ಅಂತ ನೋಡಲು ಚೂರಿ ಅದ್ದುತ್ತೇವೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ತಾಮ್ರ ಕೂರಬೇಕಾದರೆ ಚೂರಿಯ ಕಬ್ಬಿಣ ಕರಗಲೇಬೇಕು. ಅಂಗಳದಲ್ಲಿ ನಿಂತ ಕಾರಿನ ಹೊಟ್ಟೆಯೊಳಗೂ ಇಂಥದೇ ಒಂದು ವ್ಯವಹಾರ ನಡೆಯುತ್ತದೆ. ಕಬ್ಬಿಣದ ಬ್ಲಾಕು, ಅಲ್ಯುಮಿನಿಯಂ ಹೆಡ್ಡು, ಅಲ್ಯುಮಿನಿಯಂ ಇಲ್ಲವೇ ತಾಮ್ರ-ಹಿತ್ತಾಳೆಯ ರೇಡಿಯೇಟರು. ಎಲ್ಲವೂ ವರ್ಷಗಟ್ಟಲೆ ಒಂದೇ ಬಿಸಿನೀರಿನಲ್ಲಿ ಮುಳುಗಿರುತ್ತವೆ. ಒಂದನ್ನೊಂದು ತಿನ್ನದೆ ಬಿಡುತ್ತವೆಯೇ?

ಹಾಗಿದ್ದೂ ನಮ್ಮ ಕಡೆ ಒಂದು ಮಾತು ಗಟ್ಟಿಯಾಗಿ ನಿಂತುಬಿಟ್ಟಿದೆ: 'ಕೂಲೆಂಟ್ ಎಲ್ಲ ಹಿಮ ಬೀಳುವ ಊರಿಗೆ, ನಮಗೆ ಬಾವಿ ನೀರು ಧಾರಾಳ.' ಈ ಮಾತು ಹೋಗಬೇಕು ಎಂಬುದೇ ಈ ಬರಹದ ಉದ್ದೇಶ. ನೀರು ಹೆಪ್ಪುಗಟ್ಟದಂತೆ ತಡೆಯುವುದು ಕೂಲೆಂಟಿನ ಒಂದು ಕೆಲಸ ಮಾತ್ರ. ನಮಗೆ ಬೇಕಾದದ್ದು ಉಳಿದ ಎರಡು: ಒಳಗಿನ ಲೋಹಗಳಿಗೆ ತುಕ್ಕು ಹಿಡಿಯದಂತೆ ಕಾಯುವುದು ಮತ್ತು ಕುದಿಯುವ ಬಿಂದುವನ್ನು ಮೇಲಕ್ಕೆ ಏರಿಸುವುದು. ಸರಿಯಾದ ಮುಚ್ಚಳ ಇದ್ದರೆ ರೇಡಿಯೇಟರಿನೊಳಗೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಕುಕ್ಕರಿನ ಹಾಗೆ ಒತ್ತಡ ಏರಿ 120ರ ಹತ್ತಿರಕ್ಕೆ ಹೋಗುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆತಿದ್ದರೆ ಇನ್ನೂ ಏಳೆಂಟು ಡಿಗ್ರಿ ಮೇಲೆ. ಚಾರ್ಮಾಡಿಯ ತಿರುವುಗಳಲ್ಲಿ ನಾಲ್ಕು ಜನ, ಎರಡು ಗೋಣಿ ತೆಂಗಿನಕಾಯಿ ಹೇರಿಕೊಂಡು ಏಸಿ ಹಾಕಿ ಹತ್ತುವಾಗ ಆ ಏಳೆಂಟು ಡಿಗ್ರಿಯ ಬೆಲೆ ಗೊತ್ತಾಗುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಒತ್ತಡವೇ ಇಲ್ಲ, ನೀರು ಬೇಗ ಕುದಿದು ಹೊರಗೆ. ಸಣ್ಣ ಮುಚ್ಚಳ, ಯಾರೂ ನೋಡುವುದಿಲ್ಲ.

ಹಿರಿಯರು ಕೇಳುವುದುಂಟು: 'ಮೂವತ್ತು ವರ್ಷ ಬರೀ ನೀರಲ್ಲೇ ಓಡಿಸಿಲ್ಲವೇ?' ಓಡಿಸಿದ್ದಾರೆ, ಸುಳ್ಳಲ್ಲ. ಆದರೆ ಹಳೆಯ ಅಂಬಾಸಡರ್ ಪೆಟ್ರೋಲ್ ಕಾರಿನ ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣ. 1983ರ ಕೊನೆಗೆ ಬಂದ ಮಾರುತಿ 800ರಲ್ಲಿ, ಅದೇ ಇಂಜಿನಿನ ಓಮ್ನಿಯಲ್ಲಿ, ಹೆಡ್ಡು ಅಲ್ಯುಮಿನಿಯಂ. ಈಗಿನ ಹೆಚ್ಚಿನ ಕಾರುಗಳಲ್ಲಿ ಬ್ಲಾಕೂ ಅದೇ. ಅಲ್ಯುಮಿನಿಯಂ ಹಗುರ, ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಆದರೆ ಮಿತಿ ಮೀರಿದರೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗಿ ಸೊಟ್ಟಗಾಗುತ್ತದೆ. ಆಮೇಲೆ ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲಿಗೆ ನೀರು ಸೇರಿ ಹಾಲು ಬೆರೆಸಿದ ಕಾಫಿಯ ಬಣ್ಣ. ಕೂಲೆಂಟಿಗೆ ಕೆಲವು ನೂರು ರೂಪಾಯಿ ಹೆಚ್ಚಾಯಿತು ಅಂತ ಹೇಳುವವರು ಹೆಡ್ ಬಿಚ್ಚಿಸಿದ ಬಿಲ್ಲನ್ನು ಒಮ್ಮೆ ನೋಡಬೇಕು.

ಬೋರ್‌ವೆಲ್ ನೀರು ಇನ್ನೂ ತೊಂದರೆ. ನೀರು ಕಾಯಿಸುವ ಹಂಡೆಯ ಒಳಗೆ ಬೆರಳು ಎಳೆದು ನೋಡಿ. ಆ ಬಿಳಿ ಕಿಟ್ಟ ಹಂಡೆಯಲ್ಲಿ ಕೂತರೆ ಸೌದೆ ಹೆಚ್ಚು ಉರಿದೀತು, ಅಷ್ಟೇ. ರೇಡಿಯೇಟರಿನ ಸಪೂರ ಕೊಳವೆಯಲ್ಲಿ ಕೂತರೆ ದಾರಿಯೇ ಬಂದ್. ಕೂಲೆಂಟಿನಲ್ಲಿ ಎರಡು ನಮೂನೆ ಸಿಗುತ್ತದೆ. ನೀರು ಬೆರೆಸಿಯೇ ಬರುವುದನ್ನು ಹಾಗೆಯೇ ಸುರಿಯಬಹುದು. ಗಟ್ಟಿಯದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಕಾರಿನ ಪುಸ್ತಕದಲ್ಲಿ ಯಾವುದು ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಹಸಿರು, ಕೆಂಪು, ನೀಲಿ ಎಂಬುದು ಬರೀ ಬಣ್ಣ, ಬಣ್ಣ ನೋಡಿ ಬೆರೆಸಬಾರದು. ನನ್ನದು ಹಳೆಯ ನಮೂನೆಯದ್ದು, ಎರಡು ವರ್ಷಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಹೊಸತು ತುಂಬಿಸುತ್ತೇನೆ. ಹಸುವಿಗೆ ಚುಚ್ಚುಮದ್ದು ಕೊಟ್ಟ ತಾರೀಕು ಬರೆಯುವ ಕ್ಯಾಲೆಂಡರಿನಲ್ಲೇ ಇದನ್ನೂ ಬರೆದಿಡುತ್ತೇನೆ.

ಇನ್ನು ಥರ್ಮೋಸ್ಟಾಟ್. ಕಾರು ಬಿಸಿಯಾಗುತ್ತದೆ ಅಂದ ಕೂಡಲೇ ಕೆಲವು ಮೆಕ್ಯಾನಿಕ್ಕುಗಳು ಅದನ್ನು ಕಿತ್ತು ಎಸೆಯುತ್ತಾರೆ, 'ನಮ್ಮ ಸೆಕೆಗೆ ಇದು ಬೇಡ' ಅಂತ. ನನಗೆ ಇದು ಒಪ್ಪಿಗೆಯಿಲ್ಲ. ಇಂಜಿನ್ ಬೆಚ್ಚಗಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ, 80-90 ಡಿಗ್ರಿಯ ಹೊತ್ತಿಗೆ ಬಾಯಿ ತೆರೆಯುವುದು ಅದರ ಕೆಲಸ. ಅದಿಲ್ಲದಿದ್ದರೆ ಇಂಜಿನ್ ಯಾವಾಗಲೂ ತಣ್ಣಗೆ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಕೆಲವು ಇಂಜಿನ್‌ಗಳಲ್ಲಂತೂ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಇನ್ನಷ್ಟು ಬಿಸಿಯಾಗುತ್ತದೆ. ಕೆಟ್ಟಿದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ಹಳೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ನೀರು ಕುದಿದರೂ ಬಾಯಿ ಬಿಡದಿದ್ದರೆ ಹೊಸತು ಹಾಕಿಸಿ. (ಅಡುಗೆಮನೆಯ ಪಾತ್ರೆ ಮುಟ್ಟಬೇಡಿ, ಮನೆಯಲ್ಲಿ ಬೇರೆ ತರದ ಬಿಸಿ ಏಳುತ್ತದೆ.)

ಹೊರಗಿನಿಂದಲೂ ರೇಡಿಯೇಟರಿಗೆ ಉಸಿರು ಕಟ್ಟುವುದುಂಟು. ಅಂಗಳದ ಅಡಿಕೆ ಸಿಪ್ಪೆಯ ಧೂಳು, ಮೊದಲ ಮಳೆಯ ಹಾತೆಗಳು ಏಸಿಯ ಜಾಲರಿಗೂ ರೇಡಿಯೇಟರಿಗೂ ನಡುವೆ ಹೋಗಿ ಹೆಪ್ಪಾಗುತ್ತವೆ. ಇಂಜಿನ್ ತಣಿದ ಮೇಲೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಜೋರು ಹೊಡೆತಕ್ಕೆ ಆ ತೆಳ್ಳಗಿನ ಎಲೆಗಳು ಮಡಚಿಹೋಗುತ್ತವೆ. ಔಷಧಿ ಬಿಡುವ ಪಂಪಿನಲ್ಲಿ ತೊಳೆಯಲು ಹೊರಡಬೇಡಿ ಮಾರಾಯ್ರೇ! ಮೈಲುತುತ್ತಿನ ಅಂಶ ಅಲ್ಯುಮಿನಿಯಂಗೆ ತಾಗಿದರೆ ಚೂರಿಯ ಕಥೆಯೇ ಅಲ್ಲೂ.

ಒಳಪ್ರದೇಶದ ನಮ್ಮಂಥವರಿಗೆ ಕಾರು ಶೋಕಿಗಲ್ಲ. ರಾತ್ರಿ ಎದೆನೋವು ಬಂದರೆ ಅದೇ ಆಂಬುಲೆನ್ಸ್. ಆದ್ದರಿಂದ ಮನೆಯಲ್ಲಿ ಓಡಿಸುವ ಎಲ್ಲರಿಗೂ ಇಷ್ಟು ಗೊತ್ತಿರಲಿ: ಮುಳ್ಳು ಏರಿದರೆ ಏಸಿ ಬಂದ್ ಮಾಡಿ, ಹೀಟರ್ ಪೂರ್ತಿ ಹಾಕಿ ಬದಿಗೆ ನಿಲ್ಲಿಸಬೇಕು. ಹೊಸ ಕಾರು ಕೆಲವುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಹತ್ತಿದರೆ ಅದೇ ಮುಳ್ಳು. ಹಬೆ ಕಂಡರೆ ಇಂಜಿನ್ ತಕ್ಷಣ ಆಫ್. ಕಡಿಮೆಯೆಂದರೆ ಅರ್ಧ ಗಂಟೆ ಮುಚ್ಚಳ ಮುಟ್ಟಬಾರದು. ಮೇಲಿನ ರಬ್ಬರ್ ಪೈಪು ಕೈಯಲ್ಲಿ ಹಿಡಿಯುವಷ್ಟು ತಣಿಯಬೇಕು. ಘಾಟಿಯಲ್ಲಿ ಸಿಕ್ಕಿಬಿದ್ದರೆ, ತಣಿದ ಮೇಲೆ, ಜಲಪಾತದ ನೀರಾದರೂ ಹಾಕಿ ಮನೆ ಮುಟ್ಟಿ, ಬೇಡ ಅನ್ನುವುದಿಲ್ಲ. ಆದರೆ ಮನೆಗೆ ಬಂದ ಮೇಲೆ ಸೋರಿದ್ದು ಎಲ್ಲಿ ಅಂತ ನೋಡಿ, ಆ ನೀರು ತೆಗೆಸಿ ಕೂಲೆಂಟ್ ತುಂಬಿಸಿ.

ಮತ್ತೊಂದು ವಿಷಯ, ಕೊಟ್ಟಿಗೆ ಇರುವವರಿಗೆ. ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ಖಾಲಿ ಮಾಡಿದ್ದನ್ನು ಬಾಲ್ದಿಯಲ್ಲಿ ಬಿಟ್ಟರೆ, ಅಂಗಳಕ್ಕೆ ಚೆಲ್ಲಿದರೆ ನಾಯಿ, ಬೆಕ್ಕು, ಕರು ನೆಕ್ಕುತ್ತವೆ; ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಬಾವಿ ಬದಿಗೂ ತೋಟದ ಕಣಿಗೂ ಬಿಡಬಾರದು. ನಾನು ಹಳೆಯದನ್ನು ಕ್ಯಾನಿಗೆ ತುಂಬಿಸಿ, ಮೇಲೆ 'ವಿಷ' ಅಂತ ಬರೆದು, ಮುಂದಿನ ಸಲ ಗ್ಯಾರೇಜಿಗೆ ಹೋಗುವಾಗ ಅಲ್ಲಿಗೇ ಕೊಟ್ಟುಬರುತ್ತೇನೆ.