ಹೊಟ್ಟೆ ನನ್ನದು, ಬೈಗುಳ ಅಕ್ಕನಿಗೆ!

ಪಂಚಮಿಗೆ ಯರಗಟ್ಟಿಗೆ ಹೋಗಿದ್ದೆ. ಅಕ್ಕ ಬಾಣಂತನಕ್ಕೆ ಬಂದವಳು ಇನ್ನೂ ತವರಲ್ಲೇ ಇದ್ದಾಳೆ, ಕೂಸಿಗೆ ನಾಲ್ಕು ತಿಂಗಳು. ಊಟಕ್ಕೆ ಕೂತರೆ ಅವಳ ತಾಟಿನಲ್ಲಿ ಬರೀ ಅರ್ಧ ರೊಟ್ಟಿ.

"ಯಾಕಕ್ಕಾ?"

"ಭಾಳ ದಪ್ಪ ಆಗೀನಿ ಅಂತಾರಪ್ಪಾ ಎಲ್ಲಾರೂ."

ಪಕ್ಕದಲ್ಲೇ ನಾನು ಐದನೇ ಶೇಂಗಾ ಉಂಡಿಗೆ ಕೈ ಹಾಕಿದ್ದೆ. ನನಗೆ ಸಿಕ್ಕಿದ್ದು ಮೆಚ್ಚುಗೆ. "ಬೆಂಗಳೂರು ನೀರು ಹತ್ಯಾವ ನೋಡು ಹುಡುಗಗ!" ಅಂದರು ಕಾಕಾ, ತಮ್ಮ ಹೊಟ್ಟೆ ಸವರಿಕೊಳ್ಳುತ್ತಾ.

ಲೆಕ್ಕವೇ ಉಲ್ಟಾ ಸ್ವಾಮಿ!

ಈಸ್ಟ್ರೋಜನ್ ದೆಸೆಯಿಂದ ಹೆಣ್ಣಿನ ಮೈ ಕೊಬ್ಬನ್ನು ಹೆಚ್ಚಾಗಿ ಸೊಂಟದ ಕೆಳಗೆ, ತೊಡೆಯಲ್ಲಿ, ಚರ್ಮದಡಿ ಕೂಡಿಡುತ್ತದೆ. ಅದು ಬಸಿರು-ಬಾಣಂತನಕ್ಕೆ ಇಟ್ಟ ಗಂಟು. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕು ಎನ್ನುತ್ತದೆ ಐಸಿಎಂಆರ್‌ನ 2020ರ ಶಿಫಾರಸು. ನಾವು ಅವಳ ರೊಟ್ಟಿ ಎಣಿಸುತ್ತಿದ್ದೇವೆ.

ಗಂಡಸರ ಕೊಬ್ಬು ಸೇರುವುದು ಹೆಚ್ಚಾಗಿ ಹೊಟ್ಟೆಯೊಳಗೆ, ಕರುಳು-ಯಕೃತ್ತಿನ ಸುತ್ತ. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ದಾರಿ ಮಾಡುವುದು ಇದೇ. ಆದರೆ ನಾಲ್ಕು ದಿನ ನಡೆದು ಬಾಯಿ ಕಟ್ಟಿದರೆ ಬೇಗ ಕರಗುವುದೂ ಇದೇ, ತೊಡೆಯ ಕೊಬ್ಬು ಜಗ್ಗಲ್ಲ. ಅದಕ್ಕೇ ಗಂಡ-ಹೆಂಡತಿ ಒಂದೇ ಡಯಟ್ ಮಾಡಿದರೆ ಗಂಡ ಮೊದಲು ಇಳಿದು, "ನಿನಗ ಮನಸ್ಸಿಲ್ಲ ಬಿಡು" ಅಂತ ಉಪದೇಶ ಶುರು ಮಾಡುವುದು. ತಮಾಷೆ ಅಂದರೆ, ಒಂದೇ ಮಟ್ಟದ ಶ್ರಮದಲ್ಲಿ ಹೊತ್ತುಗಟ್ಟಲೆ ನಡೆದರೆ, ಬೇಕಾದ ಶಕ್ತಿಯಲ್ಲಿ ಹೆಚ್ಚು ಪಾಲನ್ನು ಕೊಬ್ಬಿನಿಂದ ತೆಗೆಯುವುದು ಹೆಣ್ಣಿನ ಮೈಯೇ. ಸೋಮಾರಿ ಯಾರು ಈಗ?

"ಹಂಗಾದ್ರ ಹೆಂಗಸರಿಗೆ ಚಿಂತಿನೇ ಇಲ್ಲೇನು?" ಅಂದರು ಕಾಕಾ. ಇದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಅವರ ಕೊಬ್ಬೂ ಹೊಟ್ಟೆಗೆ ಬರುತ್ತದೆ. ಅಂದರೆ ನಮ್ಮ ಮನೆಯಲ್ಲಿ ನಿಗಾ ಬೇಕಾದದ್ದು ಅಮ್ಮನಿಗೆ, ನನಗೆ, ಕಾಕಾಗೆ. ನಾವೆಲ್ಲ ಸೇರಿ ಉಪವಾಸ ಕೆಡವಿದ್ದು ಅಕ್ಕನನ್ನು!

ಬೀರುವಿನಿಂದ ಅಮ್ಮನ ಹೊಲಿಗೆ ಟೇಪು ತಂದೆ. ಭಾರತೀಯರಿಗೆ ಸೊಂಟದ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ನನ್ನದು 97. ಅಮ್ಮನದು 88. ಕಾಕಾ "ಹೊಲಕ್ಕ ಹೋಗಬೇಕು" ಅಂತ ಎದ್ದರು. ಅಕ್ಕನನ್ನು ಅಳೆಯಲಿಲ್ಲ, ಎರಡು ರೊಟ್ಟಿ ಬಡಿಸಿದೆ.

ಗೆಳೆಯರೇ, ಮನೆಯ ಹೆಂಗಸರಿಗೆ "ದಪ್ಪ ಆದೆ" ಅನ್ನುವ ಮೊದಲು ಟೇಪು ಹುಡುಕಿ. ಕಾಮೆಂಟಿನಲ್ಲಿ ಜಗಳಕ್ಕೆ ಬರುವ ಗಂಡಸರು ದಯವಿಟ್ಟು ಮೊದಲ ಸಾಲಿನಲ್ಲೇ ತಮ್ಮ ಸೊಂಟದಳತೆ ಬರೆಯತಕ್ಕದ್ದು :)