ರಕ್ತ ಕಂಡರೆ ಮಾತ್ರ ಪೆಟ್ಟೇ?

ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನಚಾದ ಮುಷ್ಟಿಯಾಯುಧ ತೊಟ್ಟು ಅಖಾಡಕ್ಕಿಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು. ಅರಮನೆಗೆ ಅನತಿ ದೂರದ ಅಗ್ರಹಾರದಲ್ಲಿ ಕುಳಿತು ಈ ಆಚರಣೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅದು ವರ್ಷಕ್ಕೊಮ್ಮೆ, ಕೆಲವೇ ಕ್ಷಣ, ಕಟ್ಟುಪಾಡಿನೊಳಗೆ ನಡೆಯುವಂಥದು. ನಮ್ಮ ತಕರಾರು ಬೇರೆ. ರಕ್ತ ಕಂಡ ಕೂಡಲೇ ನಿಲ್ಲಿಸಬೇಕೆಂಬ ನಿಯಮವನ್ನು ನಮ್ಮ ಸಮಾಜ ತಲೆಕೆಳಗಾಗಿ ಕಲಿತುಕೊಂಡಿದೆ. ರಕ್ತ ಕಾಣದಿದ್ದರೆ ಅದು ಪೆಟ್ಟೇ ಅಲ್ಲ ಎಂದುಕೊಂಡಿದೆ.

ಮಿದುಳಿಗೆ ಏಟು ಬೀಳಲು ರಕ್ತ ಹರಿಯಬೇಕಿಲ್ಲ, ಬುರುಡೆ ಒಡೆಯಬೇಕಿಲ್ಲ, ಪ್ರಜ್ಞೆ ತಪ್ಪಬೇಕೆಂದೂ ಇಲ್ಲ. ತಲೆ ರಭಸದಿಂದ ಅಲುಗಿದಾಗ ಒಳಗಿನ ಮೆತ್ತನೆಯ ಮಿದುಳು ಹಿಗ್ಗಿ ತಿರುಚಿ, ಅದರ ಸೂಕ್ಷ್ಮ ನರತಂತುಗಳು ಘಾಸಿಗೊಳ್ಳುತ್ತವೆ. ಕಣ್ಣು ಮಂಜಾಗುವುದು, ವಾಂತಿ, ಕೇಳಿದ್ದನ್ನೇ ಕೇಳುವುದು, ಇವೇ ಅದರ ಗುರುತು. ಒಂದು ಪೆಟ್ಟು ವಿಶ್ರಾಂತಿಯಿಂದ ವಾಸಿಯಾದೀತು. ವರ್ಷಗಟ್ಟಲೆ ಬಿದ್ದರೆ? ಮಿದುಳಿನ ಸಣ್ಣ ರಕ್ತನಾಳಗಳ ಸುತ್ತ ಟೌ ಎಂಬ ಪ್ರೋಟೀನು ಕೆಟ್ಟು ಗಂಟುಕಟ್ಟುತ್ತದೆ. ಆಟ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಮರೆವು, ಸಿಡುಕು, ಖಿನ್ನತೆ ಶುರುವಾಗಬಹುದು. ಸಿಟಿಇ ಎಂದು ಕರೆಯುವ ಈ ರೋಗ ಖಚಿತವಾಗುವುದು ಸತ್ತ ಮೇಲೆ, ಮಿದುಳನ್ನು ಕೊಯ್ದು ನೋಡಿದಾಗ ಮಾತ್ರ.

ಇದು ನಿನ್ನೆ ಮೊನ್ನೆಯ ಮಾತಲ್ಲ. 1928ರಲ್ಲೇ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬಾಕ್ಸರುಗಳ ಈ ಅವಸ್ಥೆಯನ್ನು ಬರೆದಿಟ್ಟಿದ್ದರು. 2002ರಲ್ಲಿ ನೈಜೀರಿಯಾ ಮೂಲದ ಬೆನೆಟ್ ಒಮಾಲು ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬನ ಮಿದುಳಿನಲ್ಲಿ ಅದನ್ನೇ ಕಂಡಾಗ ಆಟದ ಧಣಿಗಳು ಆತನ ಮೇಲೆಯೇ ಎರಗಿದರು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ಅದೇ ಲೀಗಿನ 111 ಆಟಗಾರರ ಮಿದುಳು ಪರೀಕ್ಷಿಸಿದರು, 110ರಲ್ಲಿ ರೋಗವಿತ್ತು. ಅನುಮಾನವಿದ್ದ ಕುಟುಂಬಗಳೇ ಮಿದುಳು ದಾನ ಮಾಡಿದ್ದವು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ 2019ರ ಗ್ಲಾಸ್ಗೋ ಅಧ್ಯಯನಕ್ಕೆ ಆ ಆಕ್ಷೇಪಣೆ ತಾಗುವುದಿಲ್ಲ. ಅಲ್ಲಿ 7,676 ಮಾಜಿ ಫುಟ್‌ಬಾಲ್ ಆಟಗಾರರನ್ನು ಅದೇ ವಯಸ್ಸಿನ ಸಾಮಾನ್ಯರೊಂದಿಗೆ ಹೋಲಿಸಲಾಯಿತು. ನರ ಕ್ಷೀಣಿಸುವ ರೋಗಗಳಿಂದಾದ ಸಾವು ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು.

ನಾವು ಮುಹಮ್ಮದ್ ಅಲಿಯ ಹೆಸರನ್ನು ಅಭಿಮಾನದಿಂದ ಹೇಳುತ್ತೇವೆ. ಆತ ಅಖಾಡ ಬಿಟ್ಟದ್ದು 1981ರಲ್ಲಿ. 1984ರಲ್ಲಿ ಪಾರ್ಕಿನ್ಸನ್ಸ್ ಪತ್ತೆಯಾದಾಗ ವಯಸ್ಸು 42. ಗುದ್ದುಗಳೇ ಕಾರಣವೆಂದು ವೈದ್ಯರೆಲ್ಲ ಒಪ್ಪಿಲ್ಲ, ಸರಿ. ಆದರೂ ಕೇಳೋಣ: ನಮ್ಮ ಗೋಡೆಗಳ ಮೇಲೆ ಗೆದ್ದ ಅಲಿಯ ಚಿತ್ರವಿದೆಯಲ್ಲ, ನಡುಗುವ ಕೈಗಳ ಅಲಿಯ ಚಿತ್ರ ಏಕಿಲ್ಲ?

ನಮ್ಮ ಊರಿಗೇ ಬರೋಣ. 2022ರ ಜುಲೈನಲ್ಲಿ ಮೈಸೂರಿನ 23 ವರ್ಷದ ಯುವಕನೊಬ್ಬ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ಕುಸಿದ, ಮತ್ತೆ ಏಳಲಿಲ್ಲ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು, ನಿರ್ಲಕ್ಷ್ಯದ ಪ್ರಕರಣ ದಾಖಲಾಯಿತು. ಸಾವು ಸುದ್ದಿಯಾಗುತ್ತದೆ. ತಲೆ ಸುತ್ತುತ್ತಲೇ ಮನೆಗೆ ಹೋಗಿ, ಮಾರನೆಯ ದಿನ ಮತ್ತೆ ಗ್ಲೌಸು ತೊಟ್ಟವರು ಯಾವ ಸುದ್ದಿಯಲ್ಲಿದ್ದಾರೆ? 'ಗಂಡಸಾದವನು ಇಷ್ಟಕ್ಕೆಲ್ಲ ಕೂರುತ್ತಾನೆಯೇ?' ಎಂಬ ಮಾತು ಗರಡಿಯಲ್ಲೂ ಇದೆ, ಮೊಹಲ್ಲಾದಲ್ಲೂ ಇದೆ. ಈ ಮಾತು ಶೌರ್ಯವಲ್ಲ, ಅಜ್ಞಾನ. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲೇ 2019ರಿಂದ ತಲೆಗೆ ಪೆಟ್ಟು ಬಿದ್ದವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ನಿಯಮವಿದೆ. ನಮ್ಮ ಹುಡುಗರ ತಲೆ ಅಷ್ಟು ಅಗ್ಗವೇ?

'ಹಾಗಾದರೆ ಮಕ್ಕಳು ಆಡುವುದೇ ಬೇಡವೇ?' ಎಂದು ಕೇಳುವವರಿದ್ದಾರೆ. ಆಡಲಿ. ಆಟಕ್ಕೆ ರೆಫ್ರಿಯಾದರೂ ಇದ್ದಾನೆ, ಗಂಟೆಯಾದರೂ ಬಾರಿಸುತ್ತದೆ. ರೆಫ್ರಿಯೂ ಗಂಟೆಯೂ ಇಲ್ಲದ ಅಖಾಡವೊಂದು ನಮ್ಮ ಮನೆಗಳೊಳಗೇ ಇದೆಯಲ್ಲ, ಅದರ ಬಗ್ಗೆ ಏನನ್ನುತ್ತೀರಿ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 44ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆ. ಇದರಲ್ಲಿ ಹಿಂದೂ, ಮುಸ್ಲಿಂ ಎಂಬ ಭೇದ ಹುಡುಕಿ ಯಾರೂ ಸಮಾಧಾನಪಟ್ಟುಕೊಳ್ಳಬೇಕಿಲ್ಲ. ಕೆನ್ನೆಗೆ ಬಾರಿಸುವುದು, ಜುಟ್ಟು ಹಿಡಿದು ಗೋಡೆಗೆ ಚಚ್ಚುವುದು, ಎಲ್ಲ ಬೀಳುವುದು ತಲೆಯ ಮೇಲೆಯೇ. 1990ರಲ್ಲೇ ಬ್ರಿಟನ್ನಿನ 'ಲ್ಯಾನ್ಸೆಟ್' ಪತ್ರಿಕೆ, ಗಂಡನ ಹೊಡೆತ ತಿಂದ ವೃದ್ಧೆಯೊಬ್ಬರ ಮಿದುಳಿನಲ್ಲಿ ಬಾಕ್ಸರುಗಳ ರೋಗ ಕಂಡದ್ದನ್ನು ವರದಿ ಮಾಡಿತ್ತು. 2023ರಲ್ಲಿ ಅಮೆರಿಕದ ಸಂಶೋಧಕರು ಇಂಥ ಕೆಲವು ಮಹಿಳೆಯರ ಮಿದುಳು ನೋಡಿದಾಗ ಸಿಟಿಇ ಸಿಗಲಿಲ್ಲ. ರಕ್ತನಾಳಗಳಿಗೂ ನರತಂತುಗಳಿಗೂ ಆದ ಬೇರೆ ಹಾನಿ ಕಂಡಿತು. ಆಟಗಾರರ ಮಿದುಳುಗಳನ್ನು ನೂರಾರು ಸಂಖ್ಯೆಯಲ್ಲಿ ಕೊಯ್ದು ನೋಡಿದ ಜಗತ್ತು ಹೆಣ್ಣಿನ ಮಿದುಳನ್ನು ಈಗಷ್ಟೇ ನೋಡತೊಡಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಈ ಪ್ರಶ್ನೆಯನ್ನು ನಮ್ಮ ನೆಲದಲ್ಲೇ ಏಕೆ ಕೇಳಬಾರದು?

ಹೊಡೆಸಿಕೊಂಡು ತವರಿಗೆ ಬಂದವಳಿಗೆ ಹಿರಿಯರು 'ಸಬರ್ ಕರೋ ಬೇಟಿ' ಎನ್ನುತ್ತಾರೆ. ಪಂಚಾಯಿತಿಕೆಯವರು 'ಗಾಯ ಎಲ್ಲಿದೆ, ತೋರಿಸು' ಎನ್ನುತ್ತಾರೆ. ಅವಳಿಗೆ ಮರೆವು ಬಂದರೆ 'ಬುದ್ಧಿ ನೆಟ್ಟಗಿಲ್ಲ' ಎಂದು, ಸಿಡುಕಿದರೆ 'ಬಾಯಿ ಜಾಸ್ತಿ' ಎಂದು ಮತ್ತೆ ಅದೇ ಮನೆಗೆ ಕಳಿಸುತ್ತಾರೆ. ಸಬರ್ ದೊಡ್ಡ ಗುಣ, ಒಪ್ಪೋಣ. ಆದರೆ ಹೊಡೆಯುವ ಕೈಗೆ ಉಪದೇಶಿಸದ ಸಬರನ್ನು ಹೊಡೆತ ತಿಂದ ತಲೆಗೆ ಉಪದೇಶಿಸುವುದು ಯಾವ ದೀನ್, ಯಾವ ಧರ್ಮ?

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ವೈದ್ಯರಿಲ್ಲದೆ ಹೊಡೆದಾಟದ ಪಂದ್ಯಕ್ಕೆ ಅನುಮತಿ ಕೊಡಬೇಡಿ. ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಆ ದಿನ ಮತ್ತೆ ಇಳಿಸಬೇಡಿ, ವೈದ್ಯರು ಒಪ್ಪುವ ತನಕ ಕಾಯಿರಿ. ಕೌಟುಂಬಿಕ ಹಿಂಸೆಯ ದೂರು ಹೊತ್ತು ಬಂದ ಹೆಣ್ಣಿಗೆ ಠಾಣೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ಜಮಾತಿನಲ್ಲಾಗಲಿ ಮೊದಲು ಈ ಎರಡು ಪ್ರಶ್ನೆ ಕೇಳಿ: ತಲೆಗೆ ಎಷ್ಟು ಸಲ ಬಿದ್ದಿದೆ ತಾಯಿ? ಯಾವಾಗಿನಿಂದ? ಉತ್ತರವನ್ನು ಬರೆದುಕೊಳ್ಳಿ. ಅವಳು ಅದನ್ನೂ ಮರೆಯುವ ಮೊದಲು.